ಲಂಕೆಯ ಇಳಿಜಾರು, ಹಿರಿಯೂರಿನ ಕೈ

ಹಿರಿಯೂರು

ನನ್ನ ಸೈಕಲ್ ಅಂಗಡಿಗೆ ಈಚೆಗೆ ಹೊಸ ಥರದ ಗಿರಾಕಿಗಳು ಬರುತ್ತಾರೆ. ತಲೆಗೆ ಹೆಲ್ಮೆಟ್ಟು, ಕೈಗೆ ಬೆರಳಿಲ್ಲದ ಗವಸು, ಸೈಕಲ್ಲಿನ ಹಿಂದೆ ಮುಂದೆ ಜೋತಾಡುವ ಚೀಲಗಳು. ಬೆಂಗಳೂರಿನಿಂದ ಹೊರಟು ಎಲ್ಲೆಲ್ಲಿಗೋ ಹೋಗುವವರು. ಹೆದ್ದಾರಿ ಬಿಟ್ಟು ಊರೊಳಗೆ ಬಂದು, ಗಾಳಿ ಹೊಡೆಸಿಕೊಂಡು, ಪಕ್ಕದ ಹೋಟೆಲಿನ ಟೀ ಕುಡಿಯುತ್ತ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ದೂರದ ಟೂರಿಗೆ ಥ್ರೆಡ್ ಇರೋ ಹೆಡ್‌ಸೆಟ್ ಒಳ್ಳೇದಾ, ಥ್ರೆಡ್ ಇಲ್ಲದ್ದು ಒಳ್ಳೇದಾ?"

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸೈಕಲ್ಲಿಗೂ ಒಂದು ಕುತ್ತಿಗೆ ಇದೆ. ಹ್ಯಾಂಡಲ್ ತಿರುಗಿಸಿದರೆ ಮುಂದಿನ ಚಕ್ರ ತಿರುಗಬೇಕಲ್ಲ, ಅದಕ್ಕೆ ಆ ಕುತ್ತಿಗೆಯ ಮೇಲೊಂದು ಕೆಳಗೊಂದು ಬಟ್ಟಲು, ಬಟ್ಟಲಲ್ಲಿ ಉಕ್ಕಿನ ಗುಂಡು. ಹೆಡ್‌ಸೆಟ್ ಅಂದರೆ ಇಷ್ಟೇ. ಹಳೆಯ ಸೈಕಲ್ಲಿನಲ್ಲಿ ಬಟ್ಟಲನ್ನು ತಿರುಪಿನ, ಅಂದರೆ ಥ್ರೆಡ್ಡಿನ, ಮೇಲೆ ಕೂರಿಸಿ ದಪ್ಪ ನಟ್ಟು ಹಾಕಿ ಬಿಗಿಯುತ್ತೇವೆ. ಹ್ಯಾಂಡಲನ್ನು ಹಿಡಿದಿಡುವ ಬೋಲ್ಟೂ ನೆತ್ತಿಯ ಮೇಲೇ ಇರುತ್ತದೆ. ನೆತ್ತಿಯ ಬೋಲ್ಟು ಬಿಗಿಯಾಯಿತೋ, ಹ್ಯಾಂಡಲ್ ಭದ್ರ. ಹೊಸ ಮಾದರಿಯಲ್ಲಿ ತಿರುಪೇ ಇಲ್ಲ. ನೆತ್ತಿಯ ಮೇಲೆ ಅಲ್ಲೂ ಒಂದು ಬೋಲ್ಟಿದೆ, ಆದರೆ ಅದು ಬೇರಿಂಗಿನ ಸಡಿಲ ತೆಗೆಯುವುದಕ್ಕೆ ಮಾತ್ರ. ಹ್ಯಾಂಡಲನ್ನು ಹಿಡಿದಿಡುವುದು ಪಕ್ಕದಲ್ಲಿರುವ ಎರಡು ಸಣ್ಣ ಬೋಲ್ಟುಗಳು. ಆ ಎರಡನ್ನು ಮರೆತರೆ ನೆತ್ತಿಯದನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ಒಂದು ವರ್ಷ ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. "ಥ್ರೆಡ್ ಇರೋದೇ ತಗಳ್ರಿ ಸಾರ್. ಇಲ್ಲದ್ದು ಬರೇ ಮೋಸ. ನಮ್ಮ ಷಡ್ಡಕರ ಬಲಗೈ ಹೋಗಿದ್ದು ಅದರಿಂದ್ಲೇ."

ಷಡ್ಡಕರು ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹೊಳಲ್ಕೆರೆಯ ರುದ್ರಮುನಿ ಮೇಷ್ಟ್ರು. ಹೊಸದುರ್ಗದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಕೈ ಹೋಗಿದ್ದು ಶ್ರೀಲಂಕಾದಲ್ಲಿ, ನಾನು ಜೊತೆಗಿದ್ದಾಗ. ಅದು ಹೇಗೆ ಹೋಯಿತು ಎನ್ನುವ ನಿಜವನ್ನು ನಾನು ಅವರಿಗೇ ಹೇಳಿರಲಿಲ್ಲ. ಹೇಳಲೋ ಬೇಡವೋ ಎಂದು ವರ್ಷವಿಡೀ ಒದ್ದಾಡಿದವನು ಬರೆಯುತ್ತಿರುವ ಪ್ರವಾಸದ ಕಥೆ ಇದು. ಸಮುದ್ರ, ಆನೆ, ಬುದ್ಧನ ಹಲ್ಲಿನ ಗುಡಿ ಇವುಗಳ ವರ್ಣನೆ ಬೇಕಾದವರು ದಯವಿಟ್ಟು ಬೇರೆ ಪುಸ್ತಕ ನೋಡಿಕೊಳ್ಳಿ.

ಐಮಂಗಲ

ಲಂಕೆಗೆ ಹೋಗುವ ಹುಚ್ಚು ಮೇಷ್ಟ್ರದು. ಶಾಲೆಯ ಕೆಲಸದ ಜೊತೆಗೆ ಅವರು ಹಳ್ಳಿ ನಾಟಕಗಳಿಗೆ ಪರದೆ ಬರೆದುಕೊಡುತ್ತಿದ್ದರು. ಅರಮನೆ, ಕಾಡು, ಬೀದಿ, ಅಶೋಕವನ. ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಅವರ ಅಶೋಕವನದ ಪರದೆ ಕಾಣದ ಊರಿಲ್ಲ. "ಮೂವತ್ತು ವರ್ಸ ಕಾಣದ ಅಶೋಕವನ ಬರ್ದೀನಿ ತಿಪ್ಪೇಶಿ. ಸಾಯಾದ್ರೊಳಗೆ ಒಂದ್ಸಲ ನೋಡಿ ಬರೀಬೇಕು" ಅನ್ನುತ್ತಿದ್ದರು. ಬಸ್ಸಿನಲ್ಲಿ ನೋಡಬಹುದಿತ್ತು. ಇಬ್ಬರಿಗೂ ಸೈಕಲ್ಲಿನ ಹುಚ್ಚು ಬೇರೆ, ಏನು ಮಾಡುವುದು.

ಹೊರಡುವ ಮೊದಲು ಎರಡು ತಿಂಗಳು ಪ್ರತಿ ಭಾನುವಾರ ಅಭ್ಯಾಸ ಮಾಡಿದೆವು. ಅವರು ದುರ್ಗದ ಕಡೆಯಿಂದ, ನಾನು ಹಿರಿಯೂರಿನ ಕಡೆಯಿಂದ ಸರ್ವಿಸ್ ರಸ್ತೆಯಲ್ಲಿ ತುಳಿದು ಬಂದು ಐಮಂಗಲದ ಹೋಟೆಲಿನಲ್ಲಿ ಸೇರುವುದು. ಎದುರುಗಾಳಿ ಅಂದರೆ ನಮ್ಮ ಕಡೆಯದು. ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಇಡ್ಲಿ ತಿನ್ನುತ್ತ ನಮ್ಮದು ಒಂದೇ ಜಗಳ. ನನ್ನದು ತಿರುಪಿನ ಹೆಡ್‌ಸೆಟ್ಟಿನ ಹಳೆಯ ಕಬ್ಬಿಣದ ಸೈಕಲ್ಲು. ಅವರದು ಆಗತಾನೆ ಕೊಂಡ ಹೊಸದು, ತಿರುಪಿಲ್ಲದ್ದು.

"ಈ ಕಬ್ಣ ಹೊತ್ಕಂಡು ಯಾಕೆ ಸಾಯ್ತೀಯಲೇ? ನಿನ್ ಪಾನಾನೇ ಅರ್ಧ ಕೆಜಿ ಐತೆ. ನನ್ದು ನೋಡು, ಒಂದು ಸೊಟ್ಟ ಕಡ್ಡಿ, ಎಲ್ ಕೀ. ಜೇಬ್ನಾಗೆ ಇಟ್ಕಂಡ್ರೆ ಮುಗೀತು."

"ಕೆಟ್ರೆ ಲಂಕೆಯಾಗೆ ನಿಮ್ದಕ್ಕೆ ಯಾವನು ಸಾಮಾನು ಕೊಡ್ತಾನಣ್ಣ? ನನ್ದಾದ್ರೆ ಯಾವ್ ಹಳ್ಳಿಯಾಗಾದ್ರೂ ಗುಂಡು ಸಿಗ್ತಾವೆ."

"ಮೊದ್ಲು ಕೆಡಬೇಕಲ್ಲಪ್ಪ!"

ಇಬ್ಬರದೂ ಸರಿಯೇ. ತಿರುಪಿನದಕ್ಕೆ ಎರಡು ದೊಡ್ಡ ಪಾನಾ ಬೇಕು, ಮಳೆ ನೀರು ಇಳಿದರೆ ಗುಂಡು ತುಕ್ಕು ಹಿಡಿಯುತ್ತದೆ, ಹೊರೆ ಹೇರಿ ಕುಲುಕಿದರೆ ನಟ್ಟು ಸಡಿಲಾಗುತ್ತದೆ. ಆದರೆ ಎಲ್ಲಿ ಬೇಕಾದರೂ ರಿಪೇರಿ. ತಿರುಪಿಲ್ಲದ್ದು ಹಗುರ, ಗಟ್ಟಿ, ಮರದ ನೆರಳಲ್ಲಿ ಕೂತು ಒಂದೇ ಕೀಲಿಯಲ್ಲಿ ಸರಿ ಮಾಡಿಕೊಳ್ಳಬಹುದು. ಆದರೆ ಕೆಟ್ಟರೆ ಪಟ್ಟಣವೇ ಗತಿ. ಇದನ್ನು ಇಷ್ಟು ನೆಟ್ಟಗೆ ಅವತ್ತು ನಾನು ಒಪ್ಪಿರಲಿಲ್ಲ. ನನ್ನದೇ ಮೇಲು ಎನ್ನುವ ಜಂಬ. ಅವರ ಸೈಕಲ್ಲನ್ನು ನಾನು ಸರಿಯಾಗಿ ಬಿಚ್ಚಿ ನೋಡಿಯೂ ಇರಲಿಲ್ಲ, "ಅದರಾಗೇನೈತೆ ಮಹಾ" ಅಂದುಕೊಂಡಿದ್ದೆ.

ಹೊರಡುವ ದಿನ ಗಂಗಕ್ಕ, ಮೇಷ್ಟ್ರ ಹೆಂಡತಿ, ಧರ್ಮಪುರದ ಶೇಂಗಾ ಹುರಿದು ಮಾಡಿದ ಉಂಡೆಯ ಡಬ್ಬ ನನ್ನ ಕೈಗೇ ಕೊಟ್ಟರು. ಅವರಿಗೆ ಈ ಪ್ರವಾಸ ಒಂಚೂರೂ ಇಷ್ಟವಿರಲಿಲ್ಲ. "ಅರವತ್ತು ದಾಟಿದ ಮ್ಯಾಲೆ ಸೈಕಲ್ ತುಳ್ಕಂಡು ಲಂಕೆಗೆ ಹೋಗಾರ್ನ ಎಲ್ಲಾರ ಕಂಡಿದೀಯೇನಪ್ಪ? ನೀನು ಜೊತ್ಗದೀಯ ಅಂತ ಕಳಿಸ್ತಿದೀನಿ. ಅವರ ಸೈಕಲ್ಲು ನಿನ್ ಜವಾಬ್ದಾರಿ" ಅಂದರು. ನಾನು ಎದೆ ಉಬ್ಬಿಸಿ "ಬಿಡಕ್ಕ, ಮೂವತ್ತು ವರ್ಸದ ಕೈ ಇದು" ಅಂದೆ.

ನೆಗೊಂಬೊ

ವಿಮಾನಕ್ಕೆ ಹಾಕಲು ಸೈಕಲ್ಲುಗಳನ್ನು ರಟ್ಟಿನ ಡಬ್ಬದಲ್ಲಿ ತುಂಬಬೇಕು. ತುಂಬಲು ಹ್ಯಾಂಡಲ್ ಬಿಚ್ಚಬೇಕು. ಇಳಿದ ಮೇಲೆ ಮತ್ತೆ ಜೋಡಿಸಬೇಕು. ನೆಗೊಂಬೊದಲ್ಲಿ ನಾವು ಉಳಿದ ಮನೆಯ ಜಗಲಿಯಲ್ಲಿ, ಬೆಳಿಗ್ಗೆ, ನಾನು ಆ ಕೆಲಸಕ್ಕೆ ಕೂತೆ. ನನ್ನದು ಮುಗಿಸಿ ಮೇಷ್ಟ್ರದಕ್ಕೆ ಕೈ ಹಾಕಿದೆ. ಹ್ಯಾಂಡಲ್ ಕೂರಿಸಿದೆ. ಪಕ್ಕದ ಎರಡು ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಬಿಟ್ಟೆ, ಹ್ಯಾಂಡಲ್ ನೇರ ಮಾಡಿ ಆಮೇಲೆ ಬಿಗಿಯೋಣ ಎಂದು.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಆಟೋ ಸಂಗೀತ ನುಡಿಸುತ್ತ ಬಂತು. ಒಳಗಿದ್ದ ಮೇಷ್ಟ್ರಿಗೆ ನಮ್ಮೂರಿನ ಕಸದ ಗಾಡಿ ನೆನಪಾಗಿರಬೇಕು. ಹಾಡು ಹಾಕಿಕೊಂಡು ಬೆಳಿಗ್ಗೆ ಬೀದಿಗೆ ಬರುವ ಗಾಡಿ ಅಂದರೆ ನಮಗೆ ಅದೊಂದೇ ತಾನೆ. "ಬಂತು ಬಂತು" ಎಂದು ಅಡುಗೆ ಮನೆಯ ಕಸದ ಚೀಲ ಎತ್ತಿಕೊಂಡು ಪಂಚೆಯಲ್ಲೇ ಓಡಿದರು. ಆಟೋದವನು ಹಿಂದಿನ ಗಾಜಿನ ಬಾಗಿಲು ತೆಗೆದ. ಒಳಗೆ ಬಿಸಿ ಬಿಸಿ ಬ್ರೆಡ್ಡು, ಬನ್ನು, ಸಕ್ಕರೆ ಹಚ್ಚಿದ ಸುರುಳಿ ರೊಟ್ಟಿ! ಅಲ್ಲಿ ಬ್ರೆಡ್ಡು ಮಾರುವವರು ಸಂಗೀತ ಹಾಕಿಕೊಂಡು ಬರುತ್ತಾರಂತೆ. ಮೇಷ್ಟ್ರು ಕಸದ ಚೀಲವನ್ನು ಬ್ರೆಡ್ಡಿನ ಮೇಲೆ ಇಡುವುದರಲ್ಲಿದ್ದರು. ಮನೆಯ ಯಜಮಾನಿ ಕೂಗಿಕೊಂಡಳು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ನಾನು ಎಲ್ ಕೀಯನ್ನು ನೆಲದ ಮೇಲಿಟ್ಟು ಹೊರಗೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಷ್ಟ್ರು ಕಣ್ಣೀರು ಬರುವಂತೆ ನಗುತ್ತ, ಚೀಲ ಬಿಟ್ಟು ಎರಡು ಬನ್ನು ಹಿಡಿದುಕೊಂಡು ಬಂದರು.

ಬನ್ನು ತಿಂದು ಕೈ ಒರೆಸಿಕೊಂಡು ಬಂದು ಕೂತೆ. ಹ್ಯಾಂಡಲ್ ನೇರ ಮಾಡಿದೆ. ನೆತ್ತಿಯ ಬೋಲ್ಟಿಗೆ ಎಲ್ ಕೀ ಹಾಕಿ ಗಟ್ಟಿಯಾಗಿ ಬಿಗಿದೆ. ಮೂವತ್ತು ವರ್ಷ ಪ್ರತಿ ಸೈಕಲ್ಲಿಗೂ ಹಾಗೇ ಮಾಡಿದ ಕೈ. ನೆತ್ತಿ ಬಿಗಿಯಾಯಿತು, ಹ್ಯಾಂಡಲ್ ಮುಗಿಯಿತು ಎಂದು ಆ ಕೈಯೇ ತೀರ್ಮಾನ ಮಾಡಿತು. ಚಕ್ರವನ್ನು ಮೊಣಕಾಲ ನಡುವೆ ಸಿಕ್ಕಿಸಿ ಹ್ಯಾಂಡಲ್ ತಿರುಚಿ ನೋಡುವುದು ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ. ಅದನ್ನೂ ಮಾಡಲಿಲ್ಲ. ಇನ್ನೂ ನಗು ಉಕ್ಕುತ್ತಿತ್ತು. "ಹತ್ರಿ ಅಣ್ಣ, ರೆಡಿ ಐತೆ ಪುಷ್ಪಕ ವಿಮಾನ" ಅಂದೆ.

ಕುರುನೇಗಲದ ದಾರಿ

ದಾರಿಯುದ್ದಕ್ಕೂ ಕೆರೆಗಳು. ಹೊಟ್ಟೆ ಉರಿಯಿತು. ನಮ್ಮ ಕಡೆ ಕೆರೆ ಅಂದರೆ ಏರಿ ಮಾತ್ರ. ಒಳಗೆ ಜಾಲಿ, ಕುರಿಮಂದೆ. ಅಲ್ಲಿ ಏರಿಯಂಚಿನವರೆಗೂ ನೀರು, ತಾವರೆ, ಎದೆಮಟ್ಟ ಬಟ್ಟೆ ಸುತ್ತಿ ಸ್ನಾನ ಮಾಡುವ ಹೆಂಗಸರು. ಮೇಷ್ಟ್ರು ಪ್ರತಿ ಕೆರೆಗೂ ಸೈಕಲ್ ನಿಲ್ಲಿಸಿ ಪುಸ್ತಕ ತೆಗೆದು ಚಿತ್ರ ಬರೆಯುವುದು, ನಾನು ಗೊಣಗುವುದು. ಪೆನ್ಸಿಲ್ ಹಿಡಿದರೆ ಅವರ ಬಲಗೈ ಅವರ ಮಾತೇ ಕೇಳುತ್ತಿರಲಿಲ್ಲ, ತಾನೇ ಓಡುತ್ತಿತ್ತು.

ಒಂದು ಊರಿನ ರಸ್ತೆಯ ಎರಡೂ ಕಡೆ ದಾರ ಕಟ್ಟಿ ಬಿಳಿ ಪ್ಲಾಸ್ಟಿಕ್ಕಿನ ಬಾವುಟಗಳನ್ನು ಇಳಿಬಿಟ್ಟಿದ್ದರು. ಫರ್ಲಾಂಗುಗಟ್ಟಲೆ. ಜಾತ್ರೆಯೋ ಮದುವೆಯೋ ಎಂದು ಮೇಷ್ಟ್ರು ಖುಷಿಪಟ್ಟು, ಎಳನೀರಿನವನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವನು ಸಾವು ಅಂದ. ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಯ ದಾರಿಗೆಲ್ಲ ಬಿಳಿ ಬಾವುಟ ಕಟ್ಟುತ್ತಾರಂತೆ. ನಮ್ಮಲ್ಲಿ ಸತ್ತ ಸುದ್ದಿಯನ್ನು ತಮಟೆ ಹೇಳುತ್ತದೆ, ಹೆಣ ಹೊತ್ತು ಹೋದ ದಾರಿಯನ್ನು ಚೆಲ್ಲಿದ ಮಂಡಕ್ಕಿ ತೋರಿಸುತ್ತದೆ. ಅಲ್ಲಿ ಶಬ್ದವೇ ಇಲ್ಲ. ನಾವೂ ಬೆಲ್ಲು ಹೊಡೆಯದೆ ಆ ಬಾವುಟಗಳ ನಡುವೆ ತುಳಿದುಕೊಂಡು ಹೋದೆವು.

ಸಂಜೆ ಮೇಷ್ಟ್ರು ಅಂದರು: "ಯಾಕೋ ಹ್ಯಾಂಡ್ಲು ಗಡುಸಾಗೈತೆ ತಿಪ್ಪೇಶಿ. ತಿರುಗ್ಸಾಕೆ ಜಗ್ಗಬೇಕು."

"ಹೊಸದಲ್ವಾ ಅಣ್ಣ, ಪಳಗ್ತೈತೆ ಬಿಡ್ರಿ" ಅಂದೆ. ಬಿಚ್ಚಿ ನೋಡಬೇಕಿತ್ತು. ನೆತ್ತಿಯ ಬೋಲ್ಟು ಅತಿಯಾಗಿ ಬಿಗಿದದ್ದಕ್ಕೇ ಅದು ಗಡುಸಾಗಿತ್ತು.

ಗಲಗೆದರ

ಕ್ಯಾಂಡಿಯ ಘಾಟಿ ಹತ್ತುವಾಗ ಕೆಟ್ಟಿದ್ದು ನನ್ನ ಸೈಕಲ್ಲು. ನೋಡಿ ನಗಬೇಡಿ. ಹೊರೆಯ ಕುಲುಕಾಟಕ್ಕೆ ಮೇಲಿನ ನಟ್ಟು ಸಡಿಲಾಗಿ ಬಟ್ಟಲು ಗಡಗಡ ಅನ್ನತೊಡಗಿತು. ನನ್ನ ಅರ್ಧ ಕೆಜಿ ಪಾನಾ ಎಲ್ಲಿ? ವಿಮಾನದ ತೂಕ ಜಾಸ್ತಿಯಾಯಿತೆಂದು ಮೇಷ್ಟ್ರು ಬೆಂಗಳೂರಿನಲ್ಲೇ ಅದನ್ನು ನೆಂಟರ ಮನೆಯಲ್ಲಿ ಬಿಡಿಸಿದ್ದರು. ನೆಗೊಂಬೊದಲ್ಲಿ ಮನೆಯ ಯಜಮಾನಿಯ ಹತ್ತಿರ ಇಸಿದುಕೊಂಡ ಪಾನಾದಲ್ಲಿ ಕೆಲಸ ನಡೆದಿತ್ತು. ಇಲ್ಲಿ ಯಾರನ್ನು ಕೇಳುವುದು?

ಗಲಗೆದರದಲ್ಲಿ ರಸ್ತೆಯ ಪಕ್ಕ ಒಬ್ಬ ಮುದುಕನ ಸೈಕಲ್ ಅಂಗಡಿ ಸಿಕ್ಕಿತು. ತಗಡಿನ ಚಪ್ಪರ, ಮರಕ್ಕೆ ನೇತುಹಾಕಿದ ಟಯರು, ಎಣ್ಣೆ ಕಪ್ಪಾದ ಮರದ ಪೆಟ್ಟಿಗೆ. ನನ್ನ ಅಂಗಡಿಯನ್ನೇ ಕಂಡಂತಾಯಿತು. ಅವನಿಗೆ ನನ್ನ ಮಾತು ಬಾರದು, ನನಗೆ ಅವನದು ಬಾರದು. ಅವನು ನನ್ನ ಬೆರಳಿನ ಸಂದಿಯ ಕಪ್ಪು ನೋಡಿದ, ತನ್ನ ಬೆರಳು ತೋರಿಸಿದ, ಇಬ್ಬರೂ ನಕ್ಕೆವು. ಕಾಲು ಗಂಟೆಯಲ್ಲಿ ನನ್ನ ಬಟ್ಟಲು ಬಿಚ್ಚಿ, ಗುಂಡು ತೊಳೆದು, ಗ್ರೀಸು ಮೆತ್ತಿ ಬಿಗಿದುಕೊಟ್ಟ. ಬೆಲ್ಲದ ತುಂಡು ಕಚ್ಚಿಕೊಂಡು ಕುಡಿಯುವ ಕರೀ ಟೀ ಕೊಟ್ಟ. "ನೋಡ್ರಣ್ಣ, ಹಳ್ಳಿಯಾಗೆ ರಿಪೇರಿ ಆಯ್ತಾ ಇಲ್ವಾ?" ಎಂದು ನಾನು ಮೇಷ್ಟ್ರನ್ನು ಚುಡಾಯಿಸಿದೆ. "ಕೆಟ್ಟಿದ್ದೂ ನಿನ್ದೇ ಅಲ್ವೇನಪ್ಪ" ಅಂದರು ಅವರು.

ಆಗ ಆ ಮುದುಕ ಎದ್ದು ಮೇಷ್ಟ್ರ ಸೈಕಲ್ಲಿನ ಹತ್ತಿರ ಹೋದ. ಹೊಸ ಮಾದರಿ ಎಂಬ ಕುತೂಹಲ ಇರಬೇಕು. ಹ್ಯಾಂಡಲ್ ಅಲ್ಲಾಡಿಸಿದ. ಬಗ್ಗಿ ಪಕ್ಕದ ಬೋಲ್ಟುಗಳ ಮೇಲೆ ಬೆರಳಿಟ್ಟ. ನನ್ನ ಕಡೆ ನೋಡಿ ಏನೋ ಹೇಳಿದ. ಪೆಟ್ಟಿಗೆಯ ಕಡೆ ಕೈ ಚಾಚಿದ.

ನಮ್ಮ ಕಸುಬಿನಲ್ಲಿ ಒಂದು ರಿವಾಜಿದೆ. ಒಬ್ಬರು ಜೋಡಿಸಿದ ಸೈಕಲ್ಲಿಗೆ ಅವರ ಎದುರಿಗೇ ಇನ್ನೊಬ್ಬರು ಪಾನಾ ಹಾಕಬಾರದು. ಹಾಕಿದರೆ ನಿನಗೆ ಕೆಲಸ ಬರಲ್ಲ ಅಂದಂತೆ. ದುರ್ಗದಲ್ಲಿ ಇದೇ ಕಾರಣಕ್ಕೆ ಎರಡು ಅಂಗಡಿಯವರು ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ. ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ನಾನು ಎದ್ದು ಹೋಗಿ, ನಗುನಗುತ್ತಲೇ, ಅವನ ಕೈಯನ್ನು ಬದಿಗೆ ಸರಿಸಿ ಸೈಕಲ್ಲನ್ನು ರಸ್ತೆಗೆ ತಳ್ಳಿಕೊಂಡು ಬಂದೆ. "ಹೋಗಾಣ ಬರ್ರಿ ಅಣ್ಣ, ಹೊತ್ತಾಗ್ತೈತೆ." ಅವನು ಎಲ್ ಕೀ ಹಿಡಿದುಕೊಂಡು ಅಂಗಡಿಯ ಮುಂದೆ ನಿಂತೇ ಇದ್ದ. ನಾನು ತಿರುಗಿ ನೋಡಿದಾಗಲೂ ನಿಂತಿದ್ದ.

ಸೀತಾ ಎಲಿಯ

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎರಡು ದಿನ ಬರೀ ಹತ್ತುವುದು. ಮುಂದಿನ ಬ್ರೇಕು ಹಿಡಿದರೆ ಮೇಷ್ಟ್ರ ಸೈಕಲ್ಲಿನಲ್ಲಿ 'ಟಕ್' ಅನ್ನುತ್ತಿತ್ತು. ಅವರು ಹೇಳಿದರು. ನಾನು ಎಲ್ ಕೀ ಇಸಿದುಕೊಂಡು ಮತ್ತೆ ನೆತ್ತಿಯ ಬೋಲ್ಟನ್ನೇ ಅರ್ಧ ಸುತ್ತು ಬಿಗಿದೆ. 'ಟಕ್' ನಿಂತಿತು. "ಮಾಯಾ ಕೈ ಕಣೋ ನಿನ್ದು" ಅಂದರು ಮೇಷ್ಟ್ರು. ಈ ಮಾತು ಇವತ್ತಿಗೂ ಊಟದ ಮಧ್ಯೆ ನೆನಪಾದರೆ ತಟ್ಟೆ ಬಿಟ್ಟು ಏಳುತ್ತೇನೆ.

ನುವರ ಎಲಿಯ ದಾಟಿದರೆ ಸೀತೆಯ ಗುಡಿ, ಪಕ್ಕದಲ್ಲಿ ಹಳ್ಳ, ಆಚೆ ದಟ್ಟ ಕಾಡು. ಸೀತೆಯನ್ನು ಇಟ್ಟಿದ್ದು ಅಲ್ಲೇ ಅನ್ನುತ್ತಾರೆ. ಮೇಷ್ಟ್ರು ಬಂಡೆಯ ಮೇಲೆ ಕೂತು ಎರಡು ಗಂಟೆ ಬರೆದರು. ಮಂಜು ಬೀಳುತ್ತಿತ್ತು. ನಾನು ಶೇಂಗಾ ಉಂಡೆ ತಿನ್ನುತ್ತ ಕೋತಿಗಳನ್ನು ಓಡಿಸುತ್ತಿದ್ದೆ. ಬರೆದು ಮುಗಿಸಿ ಪುಸ್ತಕ ನನ್ನ ಕೈಗೆ ಕೊಟ್ಟರು. "ಇಷ್ಟು ದಿನ ನಾನು ಬರೆದಿದ್ದೆಲ್ಲ ನಮ್ ತೋಟದ ಮರನೇ ಕಣೋ. ಇಲ್ಲಿ ಮರಕ್ಕೆಲ್ಲ ಪಾಚಿ ಐತೆ, ಬೆಳಕೇ ಇಲ್ಲ. ಊರಿಗೋದ ಮ್ಯಾಲೆ ಹೊಸ ಪರದೆ ಬರಿಬೇಕು" ಅಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ರಸ್ತೆ ಒಂದೇ ಸಮ ಇಳಿಯುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಾಂಕ್ರೀಟಿನ ಆಳವಾದ ಚರಂಡಿ, ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ತರಕಾರಿ ಹೊಲ. ಮೇಷ್ಟ್ರು ಮುಂದೆ, ನಾನು ಹಿಂದೆ. ಎಡಗಡೆಯ ತಿರುವಿನಲ್ಲಿ ಅವರ ಮುಂದಿನ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಹ್ಯಾಂಡಲ್ ಎಡಕ್ಕೆ ತಿರುಗಿತು. ಚಕ್ರ ತಿರುಗಲಿಲ್ಲ, ನೇರ ಹೋಯಿತು. ಕಣ್ಣಾರೆ ಕಂಡೆ. ಮೇಷ್ಟ್ರು ರಸ್ತೆ ದಾಟಿ ಚರಂಡಿಯ ಕಾಂಕ್ರೀಟಿನ ಅಂಚಿಗೆ ಬಲಗೈ ಊರಿಕೊಂಡು ಬಿದ್ದರು. ಆ ಶಬ್ದದ ಬಗ್ಗೆ ಬರೆಯುವುದಿಲ್ಲ.

ಕೆಳಗೆ ತೊಟ್ಟಿಯಲ್ಲಿ ಕ್ಯಾರೆಟ್ ತೊಳೆಯುತ್ತಿದ್ದ ಹೆಂಗಸರು ನನಗಿಂತ ಮೊದಲು ಓಡಿ ಬಂದರು. ತಮಿಳರು. ನಾನು ಅರ್ಧಂಬರ್ಧ ತಮಿಳಿನಲ್ಲಿ "ಅಣ್ಣಾ, ನಮ್ಮಣ್ಣಾ" ಎಂದು ಬಡಬಡಿಸುತ್ತಿದ್ದೆ. ಅವರು ಗೋಣಿಚೀಲ ಹಾಸಿ ಮೇಷ್ಟ್ರನ್ನು ಎತ್ತಿ ರಸ್ತೆಯ ಬದಿಗೆ ಮಲಗಿಸಿದರು. ಮೊಣಕೈ ಇರಬೇಕಾದ ಜಾಗದಲ್ಲಿರಲಿಲ್ಲ. ಒಬ್ಬಳು ತನ್ನ ತಲೆಯ ವಸ್ತ್ರ ಬಿಚ್ಚಿ ರಕ್ತಕ್ಕೆ ಕಟ್ಟಿದಳು. ಇನ್ನೊಬ್ಬಳು ತರಕಾರಿ ಲಾರಿ ನಿಲ್ಲಿಸಲು ರಸ್ತೆಗೆ ಅಡ್ಡ ನಿಂತಳು.

ಲಾರಿ ಬರುವ ಆ ಐದು ನಿಮಿಷದಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು. ಬಿದ್ದ ಸೈಕಲ್ಲಿನ ಹತ್ತಿರ ಹೋದೆ. ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಚಿದೆ. ಹ್ಯಾಂಡಲ್ ಗಿರ್ರನೆ ತಿರುಗಿತು. ಪಕ್ಕದ ಬೋಲ್ಟುಗಳನ್ನು ಮುಟ್ಟಿದೆ, ಬೆರಳಿಗೇ ಅಲ್ಲಾಡಿದವು. ಎಲ್ಲ ತಿಳಿಯಿತು. ಮೇಷ್ಟ್ರ ಚೀಲದಿಂದ ಎಲ್ ಕೀ ತೆಗೆದು, ಹ್ಯಾಂಡಲ್ ನೇರ ಮಾಡಿ, ಆ ಎರಡೂ ಬೋಲ್ಟುಗಳನ್ನು ಬಿಗಿದುಬಿಟ್ಟೆ. ಯಾಕೆ? ಯಾರಾದರೂ ನೋಡಿದರೆ ನನ್ನ ತಪ್ಪು ಗೊತ್ತಾಗದಿರಲಿ ಎಂದು. ಇನ್ನೇನೂ ಕಾರಣವಿಲ್ಲ.

ತಲೆ ವಸ್ತ್ರ ಬಿಚ್ಚಿ ಕಟ್ಟಿದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಮನುಷ್ಯ ಬಿದ್ದಿದ್ದಾನೆ, ನಿನಗೆ ಸೈಕಲ್ ರಿಪೇರಿಯಾ?" ಎಂದಳು ತಮಿಳಿನಲ್ಲಿ. ಆ ಮಾತು ಪೂರ್ತಿ ಅರ್ಥವಾಯಿತು.

ಕ್ಯಾಂಡಿ

ನುವರ ಎಲಿಯದಿಂದ ಕ್ಯಾಂಡಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಪರದೇಶದವರೆಂದು ಯಾರೂ ಹೀನಾಯ ಮಾಡಲಿಲ್ಲ. ಡಾಕ್ಟರು ಮೂರು ಸಲ ಕೈ ಕುಯ್ದು ಜೋಡಿಸಿದರು. ಮೂಳೆ ಕೂಡಿತು. ನರ ಕೂಡಲಿಲ್ಲ. ಬೆರಳು ಮಡಚಲು ಇನ್ನು ಬರುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅವರು ಒಳ್ಳೆಯ ಇಂಗ್ಲಿಷಿನಲ್ಲಿ, ನಿಧಾನವಾಗಿ, ಎರಡು ಸಲ ಹೇಳಿದರು.

ಅಲ್ಲೂ ಬಲಗೈಯಲ್ಲೇ ಊಟ. ಮೇಷ್ಟ್ರು ಎಡಗೈಯಲ್ಲಿ ಅನ್ನ ಮುಟ್ಟಲು ಒಪ್ಪಲಿಲ್ಲ, ಚಮಚ ಕೊಟ್ಟರೂ ಒಪ್ಪಲಿಲ್ಲ. ಉಪವಾಸ ಕೂತರು. ಪಕ್ಕದ ಹಾಸಿಗೆಯವನ ಹೆಂಡತಿ, ಗುರುತು ಪರಿಚಯವಿಲ್ಲದ ಸಿಂಹಳದ ಹೆಂಗಸು, ಎರಡನೆಯ ದಿನ ತನ್ನ ಗಂಡನಿಗೆ ತಂದ ಅನ್ನದ ಪೊಟ್ಟಣದಿಂದ ತುತ್ತು ಮಾಡಿ ಮೇಷ್ಟ್ರ ಬಾಯಿಯ ಹತ್ತಿರ ಹಿಡಿದಳು. ಅವರು ಬಾಯಿ ತೆರೆದರು. ಗೋಡೆಯ ಕಡೆ ತಿರುಗಿ ಅಗಿದರು.

"ಏನಾಯ್ತು ತಿಪ್ಪೇಶಿ?" ಎಂದು ಅವರು ಕೇಳಿದ್ದು ನಾಲ್ಕನೆಯ ದಿನ.

ಹೇಳಬಹುದಿತ್ತು. ಇಬ್ಬರೇ ಇದ್ದೆವು. ನಾನು ಹೇಳಿದ್ದು: "ಆ ಹೊಸ ಮಾದ್ರಿನೇ ಮೋಸ ಅಣ್ಣ. ಥ್ರೆಡ್ ಇಲ್ಲಲ್ಲ, ಹಿಡಿತನೇ ಇರಲ್ಲ. ಜಾರಿಬಿಡ್ತು."

ಅವರು ನನ್ನ ಮುಖ ನೋಡಿದರು. ಆಮೇಲೆ ಎಡಗೈಯಿಂದ ನನ್ನ ಮೊಣಕಾಲು ತಟ್ಟಿದರು. "ಆಗ್ಲಿ ಬಿಡಪ್ಪ" ಅಂದರು. ನಂಬಿದರು ಅಂದುಕೊಂಡೆ.

ಹೊಳಲ್ಕೆರೆ

ಊರಿಗೆ ಬಂದ ಮೇಲೆ ಆ ಸುಳ್ಳು ನನಗೆ ಅನ್ನ ಹಾಕಿತು ಅಂದರೂ ತಪ್ಪಿಲ್ಲ. ತಿರುಪಿನ ಹೆಡ್‌ಸೆಟ್ಟಿನ ಪಂಡಿತ ಎಂದು ಹೆಸರಾಯಿತು. ಮೇಷ್ಟ್ರ ಕೈಯನ್ನು ಪುರಾವೆಯಾಗಿ ತೋರಿಸಿ ಸೈಕಲ್ಲು ಮಾರಿದೆ. ಎಷ್ಟು ಸಲ ಹೇಳಿದೆನೋ, ಒಂದೊಂದು ಸಲ ನನಗೇ ನಿಜ ಅನ್ನಿಸುತ್ತಿತ್ತು. ಹೊಳಲ್ಕೆರೆಗೆ ಹೋಗುವುದು ಮಾತ್ರ ಕಮ್ಮಿ ಮಾಡಿದೆ.

ಮೊನ್ನೆ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಒಬ್ಬಳೇ ತುಳಿದುಕೊಂಡು ಪುಣೆಗೆ ಹೊರಟವಳು. ನನ್ನ ಅದೇ ಪುರಾಣ ಕೇಳಿ ಅವಳು ಟೀ ಲೋಟ ಕೆಳಗಿಟ್ಟಳು. "ಅದು ಹಂಗೆ ಜಾರಲ್ಲ ಅಂಕಲ್" ಅಂದಳು. ತನ್ನ ಸೈಕಲ್ಲಿನ ಚಕ್ರವನ್ನು ಮೊಣಕಾಲ ನಡುವೆ ಹಿಡಿದು, ಹ್ಯಾಂಡಲ್ ತಿರುಚಿ ತೋರಿಸಿದಳು. ಅಲ್ಲಾಡಲಿಲ್ಲ. "ಇದೂ ಥ್ರೆಡ್ ಇಲ್ಲದ್ದೇ. ಪಕ್ಕದ ಬೋಲ್ಟ್ ಟೈಟ್ ಮಾಡಿರಲಿಲ್ಲ ಅಷ್ಟೆ. ಯಾರು ಜೋಡಿಸಿದ್ದು ಅವರ ಸೈಕಲ್ಲು?"

"ಯಾರೋ" ಅಂದೆ.

ಆ 'ಯಾರೋ' ಬಾಯಿಂದ ಬಿದ್ದ ಮೇಲೆ ನನಗೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ. ಅವಳು ಹೋದಳು. ಬಾಗಿಲು ಎಳೆದು ದುರ್ಗದ ಬಸ್ಸು ಹತ್ತಿದೆ, ಅಲ್ಲಿಂದ ಹೊಳಲ್ಕೆರೆಯ ಬಸ್ಸು.

ಮೇಷ್ಟ್ರು ಪಡಸಾಲೆಯಲ್ಲಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಸ್ಲೇಟಿನ ಮೇಲೆ ಸೊನ್ನೆ ಬರೆಯುತ್ತಿದ್ದರು. ಸೊನ್ನೆ ಕೂಡುತ್ತಿರಲಿಲ್ಲ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಇತ್ತು. "ಬಾರಪ್ಪ ತಿಪ್ಪೇಶಿ, ಅಪರೂಪ ಆದೆ. ಕುಂತ್ಕ" ಅಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬೆರಳಲ್ಲಿ ತಿರುಗಿಸಿ ಬಿಟ್ಟ ಬೋಲ್ಟು, ಬ್ರೆಡ್ಡಿನ ಆಟೋ, ಗಡುಸಾದ ಹ್ಯಾಂಡಲ್ಲು, ಗಲಗೆದರದ ಮುದುಕನ ಕೈ ಸರಿಸಿದ್ದು, ಅವರು ರಕ್ತದಲ್ಲಿ ಮಲಗಿದ್ದಾಗ ನಾನು ಎಲ್ ಕೀ ಹುಡುಕಿದ್ದು. ಹೇಳುತ್ತ ಹೇಳುತ್ತ ಅತ್ತೆ. ಅಳಬಾರದಿತ್ತು, ಅಳುವ ಹಕ್ಕು ನನ್ನದಾಗಿರಲಿಲ್ಲ.

ಮೇಷ್ಟ್ರು ಸ್ಲೇಟನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅಂದ್ರೆ ಹ್ಯಾಂಡ್ಲು ತಿರುಗ್ತು, ಚಕ್ರ ತಿರುಗ್ಲಿಲ್ಲ."

"ಹೂಂ ಅಣ್ಣ."

"ನಾನು ಗಾಬ್ರಿಯಾಗಿ ಮುಂದಿನ ಬ್ರೇಕ್ ಹಿಡ್ದಿದ್ದಕ್ಕೆ ಬಿದ್ದಿದ್ದಲ್ಲ."

"ಅಲ್ಲಣ್ಣ. ನಿಮ್ದೇನೂ ತಪ್ಪಿಲ್ಲ. ಒಂಚೂರೂ ಇಲ್ಲ."

ಅವರು ಬಾಗಿಲಾಚೆ ನೋಡುತ್ತ ಮಾತಾಡಿದರು. "ಒಂದ್ ವರ್ಸದಿಂದ ನಾನು ದಿನಾ ಆ ತಿರುವಿನಾಗೆ ಬ್ರೇಕ್ ಹಿಡೀತಿದೀನಿ ತಿಪ್ಪೇಶಿ. ಹಿಂದಿಂದು ಹಿಡಿಬೇಕಿತ್ತು, ಮುಂದಿಂದು ಹಿಡ್ದೆ, ನನ್ ಕೈಯ್ಯಾರೆ ನನ್ ಕೈ ಕಳ್ಕಂಡೆ ಅಂತ. ನೀನು ಮಿಷಿನ್ ಮ್ಯಾಲೆ ಹಾಕ್ತಿದ್ಯಲ್ಲ, ನನ್ ಮಾನ ಉಳ್ಸಾಕೆ ಹಂಗಂತೀಯ ಅನ್ಕಂಡಿದ್ದೆ. ಗಂಗಾಗೂ ಹೇಳ್ತಿದ್ದೆ. ನಮ್ ತಿಪ್ಪೇಶಿ ದೊಡ್ ಮನಸಿನವ್ನು ಕಣೇ, ಊರ ತುಂಬ ನನ್ ತಪ್ಪು ಮುಚ್ಕಂಡು ಓಡಾಡ್ತಾನೆ ಅಂತ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬೈಯ್ರಿ ಅಣ್ಣ, ಏನಾದ್ರೂ ಅನ್ರಿ" ಅಂದೆ.

"ನಾನೇನಂಬೋದು." ಸ್ಲೇಟನ್ನು ಗೋಡೆಗೆ ಒರಗಿಸಿದರು. "ಅಡ್ಗೆ ಮನೇಲವ್ಳೆ. ಹೋಗಿ ಹೇಳು. ಹಟ ಹಿಡ್ದು ಹೋಗಿ ಕೈ ಮುರ್ಕಂಡ್ ಬಂದ್ಯಲ್ಲೋ ಮುದುಕ ಅಂತ ಒಂದ್ ವರ್ಸ ನನ್ನ ಬೈದವ್ಳೆ ಅವ್ಳು. ಎಲ್ಲಾ ಹೇಳು. ಆ ಬೋಲ್ಟು ಬಿಗಿದಿದ್ದೂ ಹೇಳು."

ಅಡುಗೆ ಮನೆಯಲ್ಲಿ ಗಂಗಕ್ಕ ನನಗೆ ಬೆನ್ನು ಮಾಡಿ ಕೂತು ಮುದ್ದೆ ಕಟ್ಟುತ್ತಿದ್ದರು. ಒಂದು ದೊಡ್ಡ ಮುದ್ದೆ ಪಕ್ಕಕ್ಕಿಟ್ಟು, ಇನ್ನೊಂದನ್ನು ಮುರಿದು ಮುರಿದು ನುಂಗುವಷ್ಟು ಸಣ್ಣ ತುತ್ತುಗಳಾಗಿ ಉಂಡೆ ಮಾಡಿ ತಟ್ಟೆಯ ಸುತ್ತ ಸಾಲಾಗಿ ಇಡುತ್ತಿದ್ದರು.

"ಯಾರು, ತಿಪ್ಪೇಶಪ್ಪನಾ? ಬಾರಪ್ಪ" ಅಂದರು, ತಿರುಗದೆ. "ಮೊದ್ಲು ನಿಮ್ಮಣ್ಣಂಗೆ ಉಣ್ಣುಸ್ತೀನಿ, ಎಡಗೈಯಾಗೆ ಉಣ್ಣಲ್ಲ ಅಂತ ಇನ್ನೂ ಹಟ. ಆಮ್ಯಾಲೆ ನಿನಗಿಕ್ತೀನಿ. ಏನಾರ ಹೇಳಾದಿತ್ತೇನು?"

"ಹೂಂ ಅಕ್ಕ" ಅಂದೆ. ಹೊಸಿಲ ಈಚೆಗೇ ನಿಂತು ನೆಗೊಂಬೊದ ಜಗಲಿಯಿಂದ ಶುರು ಮಾಡಿದೆ. ಎರಡನೆಯ ಮಾತಿಗೆ ಅವರ ಕೈ ಮುದ್ದೆಯ ಮೇಲೆ ನಿಂತಿತು.